ಆಪಾ ಮನೆಗೆ ಒಯ್ಯದ ಮಾತು

ಹಳೇ ಪೇಪರ್ ಹಾಕಲು ಕಳೆದ ತಿಂಗಳು ಗುಜರಿ ಅಂಗಡಿಗೆ ಹೋಗಿದ್ದೆ. ತಕ್ಕಡಿಯ ಪಕ್ಕದ ರಾಶಿಯಲ್ಲಿ, ಟೆಲಿಫೋನ್ ಆಪರೇಟರುಗಳು ತಲೆಗೆ ಹಾಕಿಕೊಳ್ಳುತ್ತಿದ್ದ ಹಳೆಯ ಹೆಡ್‌ಸೆಟ್ಟೊಂದು ಬಿದ್ದಿತ್ತು. ಎತ್ತಿ ಮೂಗಿನ ಹತ್ತಿರ ಹಿಡಿದೆ. ಕಾದ ರಬ್ಬರಿನ ವಾಸನೆ, ಅದರ ಮೇಲೆ ಯಾರದೋ ತಲೆಯ ಕೊಬ್ಬರಿ ಎಣ್ಣೆ... ಇಷ್ಟು ವರ್ಷವಾದರೂ ಹೋಗಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ದಾವಣಗೆರೆಯ ಟೆಲಿಫೋನ್ ಎಕ್ಸ್‌ಚೇಂಜಿಗೆ ಆಪರೇಟರಾಗಿ ಸೇರಿದಾಗ ಪಕ್ಕದ ಕುರ್ಚಿಯಲ್ಲಿ ಕೂತು ಕೆಲಸ ಕಲಿಸಿದವರು ಆಪಾ. ಉರ್ದುವಿನಲ್ಲಿ ಆಪಾ ಎಂದರೆ ಅಕ್ಕ; ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಆಫೀಸಿನ ಸಾಹೇಬರಿಗೂ ಅವರು ಆಪಾನೇ. ಇಬ್ಬರ ಮನೆಯೂ ವಿನೋಬನಗರದ ಒಂದೇ ಓಣಿಯಲ್ಲಿದ್ದುದರಿಂದ ಹೋಗುವಾಗ, ಬರುವಾಗ ಜೊತೆ. ದಾರಿಯುದ್ದಕ್ಕೂ ಅವರಿಗೆ ಎಲ್ಲದರ ಮೇಲೂ ಒಂದು ಅಭಿಪ್ರಾಯವಿರುತ್ತಿತ್ತು. ಮಿಕ್ಸಿಯಲ್ಲಿ ಅರೆದರೆ ಮಸಾಲೆ ಬಿಸಿಯಾಗಿ ರುಚಿ ಕೆಡುತ್ತದೆ. ರಜೆಗಾಗಿ ಸುಳ್ಳು ಹೇಳುವುದು ತಪ್ಪು, ಆದರೆ ನಿಜ ಹೇಳಿದರೂ ರಜೆ ಕೊಡದ ಸಾಹೇಬರಿಗೆ ಹೇಳಿದರೆ ಅರ್ಧ ತಪ್ಪು. ಊರಿಗೆಲ್ಲ ಫೋನು ಬಂದರೆ ಜನ ಒಬ್ಬರ ಮನೆಗೊಬ್ಬರು ಹೋಗುವುದೇ ನಿಂತುಹೋಗುತ್ತದೆ.

ಆಗ ಹರಿಹರಕ್ಕೆ ಮಾತಾಡಬೇಕಾದರೂ ನಮ್ಮ ಬೋರ್ಡಿನ ಮೂಲಕವೇ ಹೋಗಬೇಕಿತ್ತು. ಪ್ಲಗ್ಗು ಚುಚ್ಚಿ ಎರಡೂ ಕಡೆಯವರನ್ನು ಸೇರಿಸಬೇಕು, ಲೈನು ಕಡಿದಿಲ್ಲವೆಂದು ನೋಡಲು ನಡುನಡುವೆ ಕಿವಿಗೊಡಬೇಕು. ಕಿವಿಗೆ ಬಿದ್ದದ್ದನ್ನು ಮಾತ್ರ ಎಲ್ಲೂ ಆಡುವಂತಿರಲಿಲ್ಲ. ಸಾವು, ಸಾಲ, ಮುರಿದ ಸಂಬಂಧ, ಎಲ್ಲವೂ ನಮ್ಮ ಕಿವಿಯ ಮೇಲೇ ಹಾದು ಹೋಗುತ್ತಿದ್ದವು. ಪಾಳಿ ಮುಗಿಸಿ ಎದ್ದಾಗ ಕೈಕಾಲಿಗಿಂತ ಕಿವಿ ಹೆಚ್ಚು ದಣಿದಿರುತ್ತಿತ್ತು.

ಆಪಾ ಅವರ ಗಂಡ ಹರಿಹರದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುವ ಟರ್ನರ್. ನಾವೆಲ್ಲ ಅವರನ್ನು ಭಾಯಿ ಎನ್ನುತ್ತಿದ್ದೆವು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಆ ವರ್ಷ ಹುಬ್ಬಳ್ಳಿಯಲ್ಲಿದ್ದ ಅವರ ಅಣ್ಣ ಅಲ್ಲೊಂದು ವರ್ಕ್‌ಶಾಪಿನಲ್ಲಿ ಇವರಿಗೆ ಕೆಲಸ ಗೊತ್ತುಮಾಡಿ, ಬರುತ್ತೀಯೋ ಇಲ್ಲವೋ ಬೇಗ ತಿಳಿಸು ಎಂದಿದ್ದರು. ಇದ್ದ ಊರು ಬಿಡಲು ಭಾಯಿಗೆ ಮನಸ್ಸಿರಲಿಲ್ಲ.

ಒಂದು ಮಧ್ಯಾಹ್ನ ಆ ಕಾರ್ಖಾನೆಯ ಮ್ಯಾನೇಜರು ದಾವಣಗೆರೆಯಲ್ಲಿದ್ದ ಮಾಲೀಕರಿಗೆ ಫೋನು ಮಾಡಿದರು. ಜೋಡಿಸಿದ್ದು ಆಪಾ. ಏನು ಕೇಳಿದರೋ, ಹೆಡ್‌ಸೆಟ್ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟರು. ನಾನು ಕೇಳಲಿಲ್ಲ. ಕೇಳುವ ಪದ್ಧತಿ ನಮ್ಮಲ್ಲಿರಲಿಲ್ಲ. ಅವತ್ತು ದಾರಿಯಲ್ಲಿ ಅವರು ಯಾವುದರ ಮೇಲೂ ಅಭಿಪ್ರಾಯ ಹೇಳಲಿಲ್ಲ.

ಅವತ್ತು ರಾತ್ರಿ ಅವರ ಮನೆಯಲ್ಲಿ ಉರ್ದುವಿನಲ್ಲಿ ನಡೆದ ಮಾತನ್ನು ಬಹಳ ದಿನಗಳ ನಂತರ ಆಪಾ ನನಗೆ ಕನ್ನಡದಲ್ಲಿ ಹೇಳಿದ್ದರು. ಊಟಕ್ಕೆ ಕೂತ ಭಾಯಿ, ಹುಬ್ಬಳ್ಳಿಗೆ ಹೋಗಲೋ ಬೇಡವೋ ಎಂದು ಕೇಳಿದರಂತೆ. "ನಿಮಗೆ ಹೆಂಗೆ ಸರಿ ಕಾಣ್ತದೋ ಹಂಗೆ ಮಾಡ್ರಿ" ಎಂದರಂತೆ ಆಪಾ. ಮರುದಿನ ಬೆಳಿಗ್ಗೆಯೇ ಭಾಯಿ ಅಣ್ಣನಿಗೆ ತಂತಿ ಕೊಟ್ಟು ಬರುವುದಿಲ್ಲವೆಂದು ತಿಳಿಸಿದರು. ಆ ವಾರವೇ ಕಾರ್ಖಾನೆಯ ಗೇಟಿಗೆ ಬೀಗ ಬಿತ್ತು. ಅಷ್ಟರಲ್ಲಿ ಹುಬ್ಬಳ್ಳಿಯ ಜಾಗಕ್ಕೆ ಬೇರೆಯವರು ಸೇರಿಯಾಗಿತ್ತು.

ಹರಿಹರದಿಂದ ತಿರುಗಿ ಬಂದ ಭಾಯಿ ಬುತ್ತಿಯ ಡಬ್ಬಿಯನ್ನೂ ಕೆಳಗಿಡದೆ ಕೇಳಿದ್ದು ಒಂದೇ ಮಾತಂತೆ. ನಿನಗೆ ಗೊತ್ತಿತ್ತಾ? ಆಪಾ ಗೊತ್ತಿತ್ತು ಎಂದರು. ಭಾಯಿ ಕೂಗಾಡಲಿಲ್ಲ. ಮಾತು ಬಿಟ್ಟರು.

ಕೆಲಸ ಕಳೆದುಕೊಂಡ ಕೆಲವರು ಒಂದು ಸಂಜೆ ಅವರ ಮನೆ ಮುಂದೆ ಬಂದು ನಿಂತದ್ದನ್ನು ನಾನೇ ನೋಡಿದ್ದೇನೆ. "ಭಾಯಿ, ಫೋನಾಫೀಸ್ನೋರು ನಿಮ್ಮನ್ಯಾಗೇ ಅದಾರೆ. ಒಂದ್ ಮಾತು ಮುಂಚೆ ಹೇಳಿದ್ರೆ ಏನಾಗ್ತಿತ್ತು?" ಎಂದು ಅವರಲ್ಲೊಬ್ಬ ಕೇಳಿದ.

ಭಾಯಿ ಬಾಗಿಲಿಗೆ ಅಡ್ಡ ನಿಂತೇ ಹೇಳಿದರು. "ಇವತ್ತು ನಿಮ್ ಸಲುವಾಗಿ ಬಾಯಿ ಬಿಟ್ರೆ, ನಾಳೆ ನಿಮ್ಮನೆ ಮಾತು ಇನ್ನೊಬ್ರಿಗೆ ಹೇಳಲ್ಲ ಅಂತ ಹೆಂಗ್ ನಂಬ್ತೀರಿ? ಆಕಿ ಮಾಡಿದ್ದು ಸರಿ ಐತೆ. ಹೋಗ್ರಿ."

ಬಂದವರು ಹೋದರು. ಆದರೆ ಒಳಗೆ ಹೋದ ಭಾಯಿ ಆಪಾ ಜೊತೆ ಆವತ್ತೂ ಮಾತಾಡಲಿಲ್ಲ, ಆ ವರ್ಷವೆಲ್ಲ ಮಾತಾಡಲಿಲ್ಲ. ಲೋಕಿಕೆರೆ ಕಡೆಯ ರೈತರ ಪಂಪ್‌ಸೆಟ್ ರಿಪೇರಿ ಮಾಡುವ ಶೆಡ್ಡೊಂದರಲ್ಲಿ ದಿನಗೂಲಿಗೆ ಸೇರಿದರು. ರಂಜಾನ್ ಹಬ್ಬದ ದಿನ ಶಾವಿಗೆಯ ಸುರ್‌ಕುಂಬಾ ಕುಡಿಯಲು ಕರೆದಿದ್ದರೆಂದು ಹೋದರೆ, ಗಂಡನೊಂದು ಕೋಣೆಯಲ್ಲಿ, ಹೆಂಡತಿಯೊಂದು ಕೋಣೆಯಲ್ಲಿ. ಮುಂದೆ ಮಾತು ಶುರುವಾಯಿತು, ನಿಜ. ಉಪ್ಪು ಬೇಕು, ನೀರು ಬಂತು, ಅಷ್ಟರ ಮಾತು...

ಎಂಬತ್ತರ ದಶಕದಲ್ಲಿ ಆಟೋಮ್ಯಾಟಿಕ್ ಎಕ್ಸ್‌ಚೇಂಜ್ ಬಂತು. ನಮ್ಮ ಬೋರ್ಡುಗಳನ್ನು ಬಿಚ್ಚಿ ಒಯ್ಯುವಾಗ ನಾವೆಲ್ಲ ಸಪ್ಪಗೆ ನಿಂತಿದ್ದರೆ ಆಪಾ ಮಾತ್ರ, "ಒಳ್ಳೇದಾತು ಬಿಡು. ಮಷೀನಿಗೆ ಸಂಸಾರ ಇರಲ್ಲ" ಎಂದರು.

ಆವತ್ತು ಧೈರ್ಯ ಮಾಡಿ ಕೇಳಿದೆ. "ಆಪಾ, ಅಷ್ಟು ಕಷ್ಟದಾಗೂ ನಿಯಮ ಮುರೀಲಿಲ್ಲಲ್ಲ ನೀವು. ಹೆಂಗ್ ಸಾಧ್ಯ ಆತು?"



"ನಿಯಮ ಅಂತ ಎಲ್ಲಾರೂ ಅಂತಾರೆ. ಅವತ್ತು ನಂಗೆ ನಿಯಮ ನೆನಪೇ ಇರಲಿಲ್ಲ ತಂಗಿ. ಭಾಳ ಸುಸ್ತಾಗಿತ್ತು. ಬಾಯಿ ಬಿಟ್ಟಿದ್ರೆ ಅವ್ರು ಹತ್ತು ಕೇಳ್ತಿದ್ರು, ನಾನು ಹತ್ತು ಹೇಳ್ಬೇಕಿತ್ತು. ಬ್ಯಾಡಪ್ಪ ಅನ್ನಿಸ್ತು. ಬೆಳಿಗ್ಗೆ ಹೇಳಾಣ ಅಂತ ಮಲಗಿದೆ. ಏಳೋದ್ರಾಗೆ ಅವ್ರು ಎದ್ದು ಹೋಗಿ, ಬರಲ್ಲ ಅಂತ ಅಣ್ಣಂಗೆ ತಿಳಿಸಿಬಿಟ್ಟಿದ್ರು."



ಆಮೇಲೆ ನನಗೆ ವರ್ಗವಾಯಿತು, ಊರು ಬಿಟ್ಟೆ. ನಿವೃತ್ತಿಯಾದ ಮೇಲೆ ದಾವಣಗೆರೆಗೇ ಮರಳಿ ಸರಸ್ವತಿ ನಗರದಲ್ಲಿ ಮನೆ ಮಾಡಿ ವರ್ಷಗಳಾದರೂ, ಆಪಾ ಇಲ್ಲೇ ಇದ್ದಾರಲ್ಲ, ನೋಡಿದರಾಯಿತು ಎಂದುಕೊಂಡೇ ಇದ್ದೆ. ಗುಜರಿ ಅಂಗಡಿಗೆ ಹೋಗಿ ಬಂದ ಮಾರನೇ ದಿನ ವಿನೋಬನಗರಕ್ಕೆ ಹೋದೆ.

ಭಾಯಿ ಕಟ್ಟೆಯ ಮೇಲೆ ಕೂತಿದ್ದರು. ತೀರಾ ಮುದುಕರಾಗಿದ್ದಾರೆ. ಗುರುತು ಹೇಳಿದ ಮೇಲೆ, "ಬರ್ರಮ್ಮ, ಕೂಡ್ರಿ" ಎಂದು ಪಕ್ಕಕ್ಕೆ ಸರಿದರು. ಆಪಾ ಎಲ್ಲಿ ಎಂದು ನಾನು ಕೇಳುವ ಮೊದಲೇ ಅವರೇ ಹೇಳಿದರು. ಹೋದ ಬೇಸಿಗೆಯಲ್ಲಿ ತೀರಿಕೊಂಡರಂತೆ.

"ಕೊನೆಕೊನೆಗೆ ಆಕಿಗೆ ಕಿವಿ ಪೂರಾ ಹೋಗಿತ್ತು. ನಂದು ಒಂದಿಷ್ಟು ಹೇಳೋದಿತ್ತು" ಎಂದರು. ಆಮೇಲೆ ಓಣಿಯ ಕಡೆ ನೋಡುತ್ತ, "ಜೋರಾಗಿ ಹೇಳೋ ಮಾತಲ್ಲಮ್ಮ ಅವು" ಎಂದರು.

ಅವತ್ತು ತಡೆದದ್ದು ನಿಯಮವಲ್ಲ, ಸುಸ್ತು ಎಂದು ಆಪಾ ನನಗೆ ಹೇಳಿದ್ದನ್ನು ಇವರಿಗೆ ಯಾವತ್ತಾದರೂ ಹೇಳಿದ್ದರೋ ಇಲ್ಲವೋ ಗೊತ್ತಾಗಲಿಲ್ಲ. ಕೇಳಲೂ ಇಲ್ಲ. ಚಹಾ ತರಿಸಿದರು. ಇಬ್ಬರೂ ಕುಡಿದೆವು.