ಕೊಸರಿಗೆ ಬಂದ ಆಂಪ್ಲಿಫಾಯರ್

ಹೋದ ರವಿವಾರ ನಾನು ನನ್ನದೇ ಮಾಲನ್ನು, ಗಿರಾಕಿಯ ಎದುರಿಗೇ ಕೂತು, ಬಾಯಿಗೆ ಬಂದಂತೆ ಬೈದೆ.

ನನ್ನನ್ನು ಬಲ್ಲ ಓದುಗರು ಇದನ್ನು ನಂಬುವುದಿಲ್ಲ. ಒಂದು ಕಾಲು ಗಿಡ್ಡಾದ ಕುರ್ಚಿಯನ್ನು 'ಗೋಡೆಗೆ ಆನಿಸಿ ಕೂರುವ ಸ್ಪೆಶಲ್ ಮಾಡೆಲ್' ಎಂದು ಮಾರಿದವನು ನಾನು. (ಕೊಂಡವರು ಇವತ್ತಿಗೂ ಗೋಡೆಗೆ ಆನಿಸಿಯೇ ಕೂರುತ್ತಾರೆ. ಆರಾಮಾಗಿದ್ದಾರೆ.) ಅಂಥ ನಾನು ಗಿರಾಕಿಗೆ ಕೈಮುಗಿದು, 'ಸಾಹೇಬರೇ, ಇದು ಬೇಡ, ನಿಮ್ಮ ರೊಕ್ಕ ದಂಡ' ಎಂದೆ.

ಯಾಕೆ? ಅದನ್ನೇ ಹೇಳಹೊರಟಿದ್ದೇನೆ.

ಅಂಕಣಕ್ಕೆ ಹೊಸಬರಾದವರಿಗೆ ಒಂದು ಮಾತು. ನನ್ನದು ನಾಗಪುರದಲ್ಲಿ ಹಳೆಯ ಸಾಮಾನಿನ ವ್ಯಾಪಾರ. ಗದಗಿನ ಕಡೆಯಿಂದ ಇಲ್ಲಿಗೆ ಬಂದಾಗ ನನ್ನ ಆಸ್ತಿ ಒಂದು ಟ್ರಂಕು. ಮೊದಲು ಮಾರಿದ್ದೇ ಆ ಟ್ರಂಕನ್ನು. ಆಮೇಲೆ ಹಿಂದೆ ನೋಡಲಿಲ್ಲ. ನಮ್ಮ ಮನೆಯಲ್ಲಿ ಯಾವ ಸಾಮಾನೂ ಪರ್ಮನೆಂಟ್ ಅಲ್ಲ. ಸೋಫಾದ ಮೇಲೆ ಕೂತು ಚಹಾ ಕುಡಿದ ಬೀಗರು ಹೋಗುವಾಗ ಸೋಫಾ ಸಮೇತ ಹೋದದ್ದುಂಟು. ಯಾರೇ ಮನೆಗೆ ಬರಲಿ, ನನ್ನ ಹೆಂಡತಿ ಶಕುಂತಲಾ ಬಾಗಿಲಲ್ಲೇ ಎಚ್ಚರಿಸುತ್ತಾಳೆ: 'ಬರ್ರಿ, ಕುಂದರ್ರಿ. ಆದ್ರ ಯಾವುದಕ್ಕೂ ಚಲೋ ಐತಿ ಅನಬ್ಯಾಡ್ರಿ. ಇವರು ಕೇಳಿಸಿಕೊಂಡ್ರಂದ್ರ ನಿಮಗ ಮಾರೇ ಬಿಡ್ತಾರ.'

ಚಳಿ ಮುಗಿಯುವ ಹೊತ್ತಿಗೆ ಒಮ್ಮೆ ಉಮರೇಡಿಗೆ ಹೋಗಿದ್ದೆ. ಅಲ್ಲಿ ಗಣಿಯವರ ಕಾಲೊನಿಯೊಂದರ ಕ್ಲಬ್ಬಿನಲ್ಲಿ ಹಳೆಯ ಬೆತ್ತದ ಕುರ್ಚಿಗಳನ್ನು ತೆಗೆಯುತ್ತಿದ್ದರು. ಮಾತುಕತೆಯಾಗಿ ರೇಟು ಗಟ್ಟಿಯಾಯಿತು. (ಎಷ್ಟಕ್ಕೆ ಎಂದು ಕೇಳಬೇಡಿ. ಕೊಂಡ ರೇಟು ಹೇಳುವ ವ್ಯಾಪಾರಿ ಮತ್ತು ಮೀಸೆ ಬೋಳಿಸಿಕೊಂಡ ಪೈಲ್ವಾನ, ಇಬ್ಬರಿಗೂ ಮರ್ಯಾದೆಯಿಲ್ಲ.) ರೇಟು ಗಟ್ಟಿಯಾದ ಮೇಲೆ ನಾನು ಕೊಸರು ಕೇಳಿದೆ.

ಕೊಸರು ಗೊತ್ತಲ್ಲ? ಸಂತೆಯಲ್ಲಿ ಬದನೆಕಾಯಿ ತೂಗಿದ ಮೇಲೆ, 'ಮ್ಯಾಲೊಂದು ಹಾಕವಾ' ಎಂದು ಚೀಲದ ಬಾಯಿ ಹಿಗ್ಗಿಸುತ್ತೇವಲ್ಲ, ಆ ಮೇಲಿನದೇ ಕೊಸರು. ನಾಗಪುರದಲ್ಲಿ ಇದಕ್ಕೆ 'ಊಪರ್ ಸೇ' ಎನ್ನುತ್ತಾರೆ. ಭಾಷೆ ಬದಲಾದರೂ ಚೀಲ ಹಿಗ್ಗಿಸುವ ಕೈ ಅದೇ. ಬದನೆಕಾಯಿಗೆ ಕೊಸರು ಕೇಳುವವರು ಫ್ರಿಜ್ಜಿಗೆ ಯಾಕೆ ಕೇಳುವುದಿಲ್ಲ? ಸ್ಕೂಟರಿಗೆ ಯಾಕೆ ಕೇಳುವುದಿಲ್ಲ? ನಾಚಿಕೆ ಬಿಟ್ಟು ಕೇಳಿ. ಇಲ್ಲ ಅಂದರೆ ಏನು ಮಾಡಬೇಕು ಎಂಬುದನ್ನೂ ಹೇಳಿಕೊಡುತ್ತೇನೆ. ಎದ್ದು ನಿಲ್ಲಬೇಕು. ಬಾಗಿಲಿಗೆ ಹೋಗಿ ಚಪ್ಪಲಿ ಹುಡುಕಬೇಕು. ನಿಜವಾಗಿ ಹೋಗಬಾರದು ಮತ್ತೆ! ಹುಡುಕಬೇಕು, ಅಷ್ಟೇ. ಎದುರಿನವನು ಕರೆದೇ ಕರೆಯುತ್ತಾನೆ. ಎದುರಿನವನೇ ಚಪ್ಪಲಿ ಹುಡುಕಿಕೊಟ್ಟ ಉದಾಹರಣೆ ನನ್ನ ಸರ್ವಿಸಿನಲ್ಲಿ ಇರಲಿಲ್ಲ.

ಕ್ಲಬ್ಬಿನ ಸೆಕ್ರೆಟರಿ ಕೊಸರು ಇಲ್ಲ ಅಂದರು. 'ಊಪರ್ ಸೇ ನಹೀ, ತೋ ಸೌದಾ ನಹೀ' ಎಂದು, ಅಂದರೆ ಕೊಸರಿಲ್ಲದಿದ್ದರೆ ವ್ಯಾಪಾರವೇ ಇಲ್ಲ ಎಂದು, ನಾನು ಚಪ್ಪಲಿ ಹುಡುಕಿದೆ. ಅವರು ಮೂಲೆ ತೋರಿಸಿ, 'ಅರೇ ಬೈಠೋ ಭಾಯ್! ವೋ ಡಬ್ಬಾ ಲೇ ಜಾವ್' ಎಂದು ಅಲ್ಲಿದ್ದ ಡಬ್ಬಿ ಒಯ್ಯಲು ಹೇಳಿದರು. ನೋಡಿದರೆ ಧೂಳು ಹಿಡಿದ ಕಬ್ಬಿಣದ ಪೆಟ್ಟಿಗೆ. ಒಂದು ಕಾಲದಲ್ಲಿ ಕ್ಲಬ್ಬಿನವರು ಹಾಡು ಕೇಳುತ್ತಿದ್ದ ಟ್ಯೂಬ್ ಆಂಪ್ಲಿಫಾಯರ್. ತಲೆಯ ಮೇಲೆ ಗಾಜಿನ ಬುರುಡೆಗಳು, ಬುರುಡೆಗಳ ನಡುವೆ ಹಲ್ಲಿಯ ಸಂಸಾರ.

ಅದು ಅಂಗಡಿಗೆ ಬಂದ ವಾರವೇ ಗಿರಾಕಿಯೂ ಬಂದ. ಧರಮಪೇಠದ ಒಬ್ಬ ಹಲ್ಲಿನ ಡಾಕ್ಟರು. ಕುರ್ಚಿ ನೋಡಲು ಬಂದವರು ಪೆಟ್ಟಿಗೆ ನೋಡಿ ಅಲ್ಲೇ ನಿಂತರು. 'ಶೇಟ್, ಯೇ ಬಜೇಗಾ ತೋ ಮೇರಾ' ಎಂದರು. ಹಾಡಿದರೆ ನನಗೇ ಕೊಡಬೇಕು ಎಂದು ಅರ್ಥ. ಅವರು ಹೇಳಿದ ರೇಟು ಕೇಳಿ ನಾನು ಅಲ್ಲೇ ಮಾತು ಕೊಟ್ಟೆ. ನಮ್ಮ ಧಂದೆಯಲ್ಲಿ ಕೊಟ್ಟ ಮಾತು ಅಂದರೆ ಹೊಡೆದ ಮೊಳೆ. ಕಿತ್ತರೆ ತೂತು ಉಳಿಯುತ್ತದೆ.

ಇನ್ನು ರಿಪೇರಿ. ಮನೀಶ್ ನಗರದಲ್ಲಿ ನಮ್ಮ ಧಾರವಾಡದ ಇನಾಮದಾರ ಮಾಮಾ ಇದ್ದಾರೆ. ಟೆಲಿಫೋನ್ ಇಲಾಖೆಯಿಂದ ರಿಟೈರ್ ಆದವರು. ಜಗತ್ತಿನಲ್ಲಿ ತಮಗೆ ಬಾರದ ರಿಪೇರಿ ಇಲ್ಲ ಎಂದು ಅವರೇ ಹೇಳಿಕೊಂಡು ತಿರುಗುತ್ತಾರೆ. (ಅವರ ಮನೆಯ ಕಾಲಿಂಗ್ ಬೆಲ್ ಮಾತ್ರ ಸದ್ದು ಮಾಡುವುದಿಲ್ಲ. ಬಾಗಿಲು ಬಡಿಯಬೇಕು.)

'ಮಾಮಾ, ಟ್ಯೂಬ್ ಆಂಪ್ಲಿಫಾಯರ್ ತಂದೀನಿ' ಎಂದೆ.

'ಟ್ಯೂಬ್ ಅನಬ್ಯಾಡೋ ತಮ್ಮಾ. ಟ್ಯೂಬ್ ಸೈಕಲ್ಲಿಗಿ ಇರ್ತದ. ಇದಕ್ಕ ವಾಲ್ವ್ ಅಂತಾರ. ಇಳಸು ಕೆಳಗ.'

'ಎಷ್ಟಾಗ್ತೈತ್ರಿ?'

'ರೊಕ್ಕ ಯಾಂವ ಕೇಳ್ಯಾನ? ನಿನ್ನ ಹೆಂಡ್ತಿಗೆ ಹೇಳು, ಶೇಂಗಾ ಹೋಳಿಗಿ ಕಳಸ್ಲಿ.'

ನೋಡಿ, ಇಲ್ಲಿ ನಾನು ಸೋತೆ. ರೊಕ್ಕವೇ ಬೇಡ ಅನ್ನುವವನ ಜೊತೆ ಚೌಕಾಶಿ ಎಲ್ಲಿಂದ ಶುರು ಮಾಡುವುದು? ಹೋಳಿಗೆ ಹೋಯಿತು, ಒಂದು ವಾಲ್ವ್ ಸರಿಯಾಯಿತು. ಹೋಳಿಗೆ ಹೋಯಿತು, ಕೆಪಾಸಿಟರ್ ಬದಲಾಯಿತು. ಡಬ್ಬಿ ಖಾಲಿಯಾದಾಗಲೆಲ್ಲ ಸರಿಯಾಗಿ ಇನ್ನೊಂದು ಪಾರ್ಟು ಕೆಡುತ್ತಿತ್ತು. ಇದು ಯಾವ ಸೈನ್ಸು ಎಂದು ಮಾಮಾರನ್ನು ಕೇಳುವ ಧೈರ್ಯ ನನಗಾಗಲಿಲ್ಲ. ಶಕುಂತಲಾಗೆ ಮಾತ್ರ ಸಿಟ್ಟು ಬಂತು. 'ಮಷೀನು ನಿಮ್ದು, ರಿಪೇರಿ ಅವರದು, ಲಟ್ಟಣಿಗಿ ನಂದು. ಮಾರಿದ ಮ್ಯಾಲ ನನಗೇನು ಬಂತು?'

ಏಪ್ರಿಲ್ ಬಂತು, ಬಿಸಿಲು ಬಂತು, ಒಂದು ಸಂಜೆ ಮಾಮಾ ಆಟೋದಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮನೆಗೇ ಬಂದರು. ಗೋದಾಮಿನಿಂದ ಎರಡು ಹಳೆಯ ಮರದ ಸ್ಪೀಕರ್ ತರಿಸಿದೆ. ನಮ್ಮ ಕ್ಯಾಸೆಟ್ ಡೆಕ್ಕಿನ ವಾಯರು ಜೋಡಿಸಿದರು. ಸ್ವಿಚ್ ಹಾಕಿದರು. ಏನೂ ಇಲ್ಲ.

'ಹೋತೇನ್ರಿ ಮತ್ತ?'

'ತಡಿಯೋ. ನೀ ಹಾಸಿಗಿಯಿಂದ ಏಳಲಿಕ್ಕೆ ಎಷ್ಟೊತ್ತು ಬೇಕು? ಅದಕ್ಕೂ ಬೇಕು.'

ಬುರುಡೆಗಳೊಳಗೆ ದೇವರ ದೀಪದಷ್ಟು ಕೆಂಪು ಬೆಳಕು ಹತ್ತಿಕೊಂಡಿತು. ಆಮೇಲೆ 'ಹೂಂ...' ಎಂದು ಸಣ್ಣ ದನಿ. ಮಾಮಾ ಕಿವಿಗೊಟ್ಟು, 'ಸ್ವಲ್ಪ ಹಮ್ ಅದ. ಹಳೇ ಟ್ರಾನ್ಸ್‌ಫಾರ್ಮರ್, ಇರ್ತದ' ಎಂದರು.

'ಇರ್ಲಿ ಬಿಡ್ರಿ ಮಾಮಾ' ಎಂದು ಶಕುಂತಲಾ ಅಡುಗೆಮನೆಯಿಂದ ಕೂಗಿದಳು. 'ಹಮ್ಮು ಇಲ್ದ ಗಂಡಸು ಈ ಮನ್ಯಾಗ ಯಾರದಾರ?'

ಕೈಗೆ ಸಿಕ್ಕಿದ್ದು ನಮ್ಮ ಕನ್ನಡ ಸಂಘದವರು ದಸರೆಯ ಭಜನೆಯನ್ನು ರೆಕಾರ್ಡ್ ಮಾಡಿ ಹಂಚಿದ್ದ ಕ್ಯಾಸೆಟ್. ನಮ್ಮ ಹಳೆಯ ಟೂ-ಇನ್-ವನ್ ರೇಡಿಯೊದಲ್ಲಿ ಒಮ್ಮೆ ಹಾಕಿ, ಗದ್ದಲ ಎಂದು ಡ್ರಾವರಿಗೆ ಎಸೆದದ್ದು. ಹಾಕಿದೆ. ಕೂಲರಿನ ಭೋರ್ಗರೆತದಲ್ಲಿ ಏನೂ ಕೇಳಲಿಲ್ಲ. ಎದ್ದು ಕೂಲರ್ ಬಂದ್ ಮಾಡಿದೆ. ನಾಗಪುರದ ಏಪ್ರಿಲ್ಲಿನಲ್ಲಿ, ಕರೆಂಟು ಇರುವಾಗ, ತನ್ನ ಕೈಯಾರೆ ಕೂಲರ್ ಬಂದ್ ಮಾಡಿದವನನ್ನು ನೀವು ನೋಡಿದ್ದೀರಾ? ನಾನೂ ನೋಡಿರಲಿಲ್ಲ.

ಮೊದಲು ತಬಲಾ ಬಂತು. ಟೂ-ಇನ್-ವನ್‌ನಲ್ಲಿ ತಬಲಾ ಅಂದರೆ ಹಿಟ್ಟಿನ ಡಬ್ಬಿ ಬಡಿದ ಹಾಗೆ. ಇಲ್ಲಿ ಎಡಗೈಯ ದನಿ ಉರುಳಿಕೊಂಡು ಬಂದು ಎದೆಗೆ ಆತು ನಿಂತಿತು. ಹಾರ್ಮೋನಿಯಂ ಉಸಿರೆಳೆದದ್ದು ಕೇಳಿತು. ತಾಳದ ಕಿಣಿ ಎಲ್ಲಿ ಮುಗಿಯಿತು ಎಂದು ಹೇಳಲಾಗದಷ್ಟು ನಯವಾಗಿ ಕರಗಿತು. ಹಿಂದೆ ಯಾರೋ ಕೆಮ್ಮಿದರು. ಯಾರು ಬಂದರು ಎಂದು ತಿರುಗಿ ನೋಡಿದೆ. ಯಾರೂ ಇಲ್ಲ. ಕೆಮ್ಮು ಕ್ಯಾಸೆಟ್ಟಿನದು!

ಆಮೇಲೆ ಹೆಂಗಸರು ಹಾಡತೊಡಗಿದರು. ಗುಂಪಿನಲ್ಲಿ ಒಂದು ದನಿ ಬೇರೆಯೇ ಇತ್ತು. ಜೋರಿಲ್ಲ, ತೋರಿಕೆಯಿಲ್ಲ. ಉಳಿದವರು ಉಸಿರಿಗೆ ನಿಂತಾಗ ಅದೊಂದೇ ಬೆಲ್ಲದ ಪಾಕದ ಎಳೆಯಂತೆ ಕಡಿಯದೆ ಮುಂದುವರಿಯುತ್ತಿತ್ತು. ಜೊತೆಗೆ ಬಳೆಗಳ ಸಣ್ಣ ಸದ್ದು. ಹಾಡಿನ ನಡುವೆ ಸಾಲು ತಪ್ಪಿತೋ ಏನೋ, ಆ ದನಿ ಕಿಸಕ್ಕನೆ ನಕ್ಕು ಮತ್ತೆ ಹಾಡು ಸೇರಿಕೊಂಡಿತು. ಆ ನಗುವಿಗೆ ನಾನು ಬಿದ್ದೇಹೋದೆ.

'ಮಾಮಾ, ಈ ಬಾಯಾರು ಯಾರ್ರೀ? ಏನ್ ದನಿ! ಇಂಥವರು ನಾಗಪುರದಾಗ ಅದಾರಂತ ಗೊತ್ತೇ ಇಲ್ಲಲ್ಲ ನಮಗ!'

ಮಾಮಾ ಫ್ಯಾನು ನೋಡತೊಡಗಿದರು. ಶಕುಂತಲಾ ಬಾಗಿಲಲ್ಲಿ ಲಟ್ಟಣಿಗೆ ಹಿಡಿದು ನಿಂತಿದ್ದಳು.

'ಗುರ್ತು ಸಿಗಲಿಲ್ಲೇನ್ರಿ?'

'ಇಲ್ಲ. ನಿನಗ ಪರಿಚಯ ಅದಾರೇನು?'

'ಅದಾರಲ್ರಿ. ದಿನಾ ನಿಮಗ ರೊಟ್ಟಿ ಬಡದು ಹಾಕ್ತಾರ.'

ಮಾಮಾ ನಕ್ಕ ನಗುವಿಗೆ ಬಾಯಲ್ಲಿದ್ದ ಹೋಳಿಗೆ ಹೊರಗೆ ಬಂತು. ಈಗ ಮನೀಶ್ ನಗರದಿಂದ ಧರಮಪೇಠದವರೆಗೆ ಕನ್ನಡ ಬಲ್ಲವರಿಗೆಲ್ಲ ಈ ಕಥೆ ಗೊತ್ತು. ಮುಚ್ಚಿಡುವುದು ದಂಡ ಎಂದು ನಾನೇ ಇಲ್ಲಿ ಬರೆಯುತ್ತಿದ್ದೇನೆ. ಆದರೆ ನನ್ನ ಪರ ಒಂದು ಮಾತು. ನಮ್ಮ ಮನೆಯಲ್ಲಿ ಕೂಲರ್, ಕುಕ್ಕರ್, ಟೀವಿ, ಮೇಲಿಂದ ನನ್ನ ಬಾಯಿ. ಇದೆಲ್ಲದರ ನಡುವೆ ಆಕೆಯ ದನಿ ನನ್ನ ಕಿವಿಗೆ ಬರುವುದು 'ಉಪ್ಪು ಮುಗದೈತಿ' ಎಂಬಷ್ಟೇ. ಹಾಡುವ ದನಿ ಬೇರೆ ಇರುತ್ತದೆ ಎಂದು ಯಾವ ಗಂಡನಿಗೆ ಗೊತ್ತಿರುತ್ತದೆ?

ಆ ದಿನದಿಂದ ನಾನು ಅಂಗಡಿಯ ಶಟರ್ ಬೇಗ ಇಳಿಸತೊಡಗಿದೆ. ಸಂಜೆ ಕೂಲರ್ ಬಂದ್, ಬನಿಯನ್ ಒದ್ದೆ, ಬುರುಡೆ ಕೆಂಪಗೆ, ಕ್ಯಾಸೆಟ್ ಚಾಲೂ. ಈಗ ಎಲ್ಲರೂ ಸಿಡಿ, ಸಿಡಿ ಅನ್ನುತ್ತಾರೆ. ಇರಲಿ. ನನ್ನ ಸಲಹೆ ಇಷ್ಟೇ: ಹೊಸದು ಕೊಳ್ಳುವ ಮುಂಚೆ, ಮನೆಯಲ್ಲಿರುವ ಹಳೆಯ ಕ್ಯಾಸೆಟ್ಟನ್ನು ಒಮ್ಮೆ ಒಳ್ಳೆಯ ಆಂಪ್ಲಿಫಾಯರಿನಲ್ಲಿ ಕೇಳಿ. ಅದರೊಳಗೆ ಯಾರಿದ್ದಾರೋ ಯಾರಿಗೆ ಗೊತ್ತು!

ಆದರೆ ಡಾಕ್ಟರಿಗೆ ಕೊಟ್ಟ ಮಾತು? ಅವರ ಫೋನು ಬಂದೇಬಂತು. ರವಿವಾರ ಬರುತ್ತೇನೆ ಎಂದರು. ಶಕುಂತಲಾಗೆ ಹೇಳಿದೆ. 'ಹೋಗ್ಲಿ ಬಿಡ್ರಿ. ನಮ್ಮನ್ಯಾಗ ಯಾವುದು ನಿಂತೈತಿ?' ಎಂದಳು. ಅಷ್ಟೇ. ಶನಿವಾರ ಅಂಗಡಿಯಿಂದ ಬಂದು ನೋಡುತ್ತೇನೆ, ಆಂಪ್ಲಿಫಾಯರಿನ ಮೇಲೆ ಕ್ರೋಶಾ ಹೆಣೆದ ಬಿಳಿಯ ಹೊದಿಕೆ. ನಮ್ಮ ಮನೆಯ ಯಾವ ಸಾಮಾನಿಗೂ ಆಕೆ ಇಲ್ಲಿಯವರೆಗೆ ಹೊದಿಕೆ ಹೆಣೆದಿರಲಿಲ್ಲ. ನಾಳೆ ಹೋಗುವ ಸಾಮಾನಿಗೆ ಇವತ್ತು ಯಾರು ಹೊದಿಕೆ ಹೆಣೆಯುತ್ತಾರೆ?

ಈ ಪೆಟ್ಟಿಗೆ ಕೊಡಬಾರದು ಎಂದುಕೊಂಡೆ. ಮಾತು ಮುರಿಯುವ ಹಾಗಿಲ್ಲ. ಉಳಿದ ದಾರಿ ಒಂದೇ: ಗಿರಾಕಿಯೇ ಬೇಡ ಅನ್ನಬೇಕು.

ಡಾಕ್ಟರು ಬಂದರು, ಕೂತರು, ಅದೇ ಭಜನೆಯ ಕ್ಯಾಸೆಟ್ ಕೇಳಿದರು, ಕಣ್ಣು ಮುಚ್ಚಿದರು. ನಾನು ಶುರು ಮಾಡಿದೆ.

'ಡಾಕ್ಟರ್ ಸಾಬ್, ಯೇ ಬಹುತ್ ಗರಮ್ ಹೋತಾ ಹೈ.'

'ಹೋನಾಚ್ ಚಾಹಿಯೇ! ಗರ್ಮಿ ಸೇ ಹೀ ತೋ ಆವಾಜ್ ಮೇ ಮಿಠಾಸ್ ಹೈ.'

'ಹಮ್ ಭೀ ಹೈ.'

'ವಾಹ್, ಅಸಲೀ ಹೈ ಮತಲಬ್!'

ಬಿಸಿಯಾಗುತ್ತದೆ ಎಂದರೆ ಆ ಬಿಸಿಯಿಂದಲೇ ದನಿಗೆ ಸವಿಯಂತೆ, ಹಮ್ ಇದೆ ಎಂದರೆ ಹಾಗಾದರೆ ಅಸಲಿ ಮಾಲಂತೆ! ಬುರುಡೆ ಹೋದರೆ ಬಜಾರಿನಲ್ಲಿ ಸಿಗುವುದಿಲ್ಲ ಎಂದೆ. ಅದಕ್ಕೇ ಇದು ಅಪರೂಪ ಎಂದರು. ಕೂಲರ್ ಹಾಕುವ ಹಾಗಿಲ್ಲ ಎಂದೆ. ತಮ್ಮ ಮನೆಯಲ್ಲಿ ಏಸಿ ಇದೆ ಎಂದರು. (ಕಲಿತುಕೊಳ್ಳಿ ವ್ಯಾಪಾರಿಗಳೇ. ಹೊಗಳಿದರೆ ಅನುಮಾನ ಪಡುವ ಗಿರಾಕಿ, ಬೈದರೆ ಬೆನ್ನು ಬೀಳುತ್ತಾನೆ.) ನಾನು ಬೈದಷ್ಟೂ ಅವರ ಕಣ್ಣು ಹೊಳೆಯಿತು. ಕೊನೆಗೆ ಪಾಕೀಟು ಹೊರಗೆ ಬಂತು. ಚಹಾ ತಂದ ಶಕುಂತಲಾ ಆ ಬಿಳಿಯ ಹೊದಿಕೆಯನ್ನು ಮಡಚತೊಡಗಿದಳು.

ಆಗ ಡಾಕ್ಟರು ಕೇಳಿದರು. 'ಶೇಟ್, ಊಪರ್ ಸೇ ಕ್ಯಾ ದೋಗೇ?'

ಕೊಸರು! ನನ್ನ ಮನೆಯಲ್ಲಿ, ನನಗೇ!

'ಯೇ ಕ್ಯಾಸೆಟ್ ದೇ ದೋ. ಯೇ ಜೋ ಬಾಯಿ ಗಾ ರಹೀ ಹೈ ನಾ, ಕ್ಯಾ ಆವಾಜ್ ಹೈ!'

ಹಾಡುತ್ತಿದ್ದ ಬಾಯಾರ ದನಿಗೆ ಮರುಳಾಗಿ ಕ್ಯಾಸೆಟ್ಟನ್ನೇ ಕೊಸರಿಗೆ ಕೇಳಿದ್ದರು. ಶಕುಂತಲಾಳ ಕೈಯಲ್ಲಿ ಹೊದಿಕೆ ಅಲ್ಲೇ ನಿಂತಿತು. ಅದು ಸಿಗುವುದಿಲ್ಲ ಎಂದು ನಾನು ಹೇಳಿದೆ, 'ಕ್ಯಾಸೆಟ್ ನಹೀ ಮಿಲೇಗಾ.'

'ಏಕ್ ಕ್ಯಾಸೆಟ್ ಕೇ ಲಿಯೇ?' ಒಂದು ಕ್ಯಾಸೆಟ್ಟಿಗೆ ಇಷ್ಟು ಹಟವೇ ಎಂದು ಡಾಕ್ಟರು ನಕ್ಕರು. ನಾನು ಜಗ್ಗಲಿಲ್ಲ. ಡಾಕ್ಟರೂ ನಾಗಪುರದವರೇ ಅಲ್ಲವೇ? ಗಂಭೀರ ಮುಖ ಮಾಡಿಕೊಂಡು ಎದ್ದು ನಿಂತರು. 'ಊಪರ್ ಸೇ ನಹೀ, ತೋ ಸೌದಾ ನಹೀ' ಎಂದರು. ಬಾಗಿಲಿಗೆ ಹೋಗಿ ಚಪ್ಪಲಿ ಹುಡುಕತೊಡಗಿದರು.

ದೇವರೇ ಕೊಟ್ಟ ಮಾತು ಅದು. ನಾನು ಓಡಿಹೋಗಿ ಅವರ ಚಪ್ಪಲಿ ಹುಡುಕಿ, ಜೋಡಿಸಿ, ಅವರ ಕಾಲ ಮುಂದೆ ಇಟ್ಟೆ!

ಡಾಕ್ಟರು ಚಪ್ಪಲಿ ನೋಡಿದರು. ನನ್ನನ್ನು ನೋಡಿದರು. ಸೌದಾ ಮುರಿದದ್ದು ಅವರ ಬಾಯಿ, ನನ್ನದಲ್ಲ. ಹಲ್ಲು ಕಿತ್ತಿಸಿಕೊಂಡವರ ಹಾಗೆ ಗದ್ದ ಸವರಿಕೊಂಡು, 'ಮಗರ್ ವೋ ಬಾಯಿ ಹೈ ಕೌನ್?' ಎಂದು ಹಾಡಿದವರು ಯಾರೆಂದು ಕೇಳಿದರು. ನಾನು ಶಕುಂತಲಾಳ ಕಡೆ ಕೈ ತೋರಿಸಿದೆ. ಅವರು ಕೈಮುಗಿದು, 'ವಹಿನೀ, ಆಧೀ ಸಾಂಗಾಯಚಂ ನಾ!' ಎಂದು ಜೋರಾಗಿ ನಕ್ಕರು. ಮೊದಲೇ ಹೇಳಬಾರದಿತ್ತೇ ಎಂದು. ಚಪ್ಪಲಿ ಮತ್ತೆ ಬಿಟ್ಟು ಒಳಗೆ ಬಂದು, ಶೇಂಗಾ ಹೋಳಿಗೆ ತಿಂದು, ಇಡೀ ಕ್ಯಾಸೆಟ್ ಕೇಳಿಯೇ ಹೋದರು.

ಅವರು ಹೋದ ಮೇಲೆ ಶಕುಂತಲಾ ಹೊದಿಕೆಯನ್ನು ಬಿಡಿಸಿ, ಆಂಪ್ಲಿಫಾಯರ್ ತಣ್ಣಗಾಯಿತೇ ಎಂದು ಕೈಯಿಟ್ಟು ನೋಡಿ, ಮೇಲೆ ಹೊದಿಸಿದಳು. ನಾನು ಎದೆಯುಬ್ಬಿಸಿ ಕೇಳಿದೆ, 'ಹೆಂಗೈತಿ ಗಂಡನ ಬುದ್ಧಿ?'

'ಮಷೀನು ಉಳಿಸಿದ್ರಿ, ಚಲೋ ಆತು. ಈಗ ಊಪರ್ ಸೇ ಏನು ಕೊಡ್ತೀರಿ ಹೇಳ್ರಿ.'

'ಏನು ಬೇಕು?'

'ಇನ್ ಮುಂದ ಸಂಜಿ ಚಹಾ ನೀವ ಮಾಡ್ರಿ. ನಾ ಕುಂತು ಕೇಳ್ತೀನಿ.'

ನಾನು ಚಪ್ಪಲಿ ಹುಡುಕಲು ಎದ್ದೆ. ಆಕೆ ಅದನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು. ಈಗ ನೀವೇ ಹೇಳಿ, ಚಹಾಕ್ಕೆ ಸಕ್ಕರೆ ಮೊದಲು ಹಾಕಬೇಕೋ, ಹಾಲು ಮೊದಲೋ?