ಚಿಕ್ಕಮ್ಮ ಆಡಿದ್ದು ಹೀಗಲ್ಲ

ಅವಳಿಗೆ ಕತ್ತರಿ ಎಂದು ಹೆಸರಿಟ್ಟವರು ಪತ್ರಿಕೋದ್ಯಮ ತರಗತಿಯ ಹುಡುಗರು. ವಿದ್ಯಾರ್ಥಿಗಳೇ ಅಂತರ್ಜಾಲದಲ್ಲಿ ನಡೆಸುವ ಕಾಲೇಜು ಪತ್ರಿಕೆಗೆ ಸಂಪಾದಕಿಯಾದ ಮೊದಲ ವಾರವೇ ಅವಳು ಒಬ್ಬನ ಉದ್ದನೆಯ ಪ್ರವಾಸ ಕಥನವನ್ನು ಒಂದು ಪ್ಯಾರಾಕ್ಕೆ ಇಳಿಸಿದ್ದಳು. "ಬಸ್ಸು ಹತ್ತಿದ್ದು, ಇಳಿದದ್ದು ಎರಡೇ ಉಳಿದಿದೆ. ಊರೆಲ್ಲಿ ಹೋಯ್ತೇ ಕತ್ತರಿ?" ಎಂದು ಅವನು ಗೋಳಾಡಿದ.

"ನೀನು ಬರೆದದ್ದರಲ್ಲೂ ಊರಿರ್ಲಿಲ್ಲ ಕಣೋ."

ಪತ್ರಿಕೆಯ ಕಚೇರಿ ಎಂದರೆ ಮೆಟ್ಟಿಲ ಕೆಳಗಿನ ಕೋಣೆ. ಸೂರು ಓರೆಯಾಗಿ ಇಳಿದಿತ್ತು. ಕಂಪ್ಯೂಟರಿನ ಮುಂದೆ ಕೂತವರು ತಟ್ಟನೆ ಎದ್ದರೆ ನೆತ್ತಿಗೆ ಬಡಿಯುತ್ತಿತ್ತು. ತರಗತಿ ಬಿಟ್ಟಾಗ ಇಡೀ ಕಾಲೇಜೇ ತಲೆಯ ಮೇಲೆ ಇಳಿದು ಹೋದಂತೆ ಸದ್ದು. ಆ ಕೋಣೆಯಲ್ಲಿ ಅವಳು ಮಾಡಿದ ನಿಯಮ ಒಂದೇ: ಯಾರ ಮಾತನ್ನಾದರೂ ಅವರದೆಂದು ಬರೆದರೆ, ಪ್ರಕಟಿಸುವ ಮೊದಲು ಅವರೆದುರು ನಿಂತು ಗಟ್ಟಿಯಾಗಿ ಓದಬೇಕು. ಅವರು "ಹೌದು, ಹಾಗೇ ಅಂದೆ" ಎನ್ನಬೇಕು.

"ಹೆಣ್ಣು ಕೇಳೋಕೆ ಹೋದ ಹಾಗೆ ಹೋಗಿ ನಿಲ್ಬೇಕಾ?" ಎಂದು ಪ್ರವಾಸ ಕಥನದವನು ಹಲ್ಲು ಕಿರಿದ.

"ನಿಲ್ಲು. ನಿನಗೆ ಅಭ್ಯಾಸವೂ ಆಗುತ್ತೆ."

ಎರಡನೇ ಮಹಡಿಯ ಹೆಣ್ಣುಮಕ್ಕಳ ಶೌಚಾಲಯದ ಬಗ್ಗೆ ಬರೆದವಳು ಅವಳೇ. ಹೊಳೆಯುವ ನೆಲ, ಗೋಡೆಯಗಲದ ಕನ್ನಡಿ, ಬಾಗಿಲಿಗೆ ಬೀಗ. ಪರಿಶೀಲನೆಗೆಂದು ಹೊರಗಿನವರು ಬಂದ ದಿನ ಅದು ತೆರೆಯುತ್ತಿತ್ತು; ಅವರ ಕಾರು ಗೇಟು ದಾಟಿದೊಡನೆ ಮುಚ್ಚುತ್ತಿತ್ತು. ಉಳಿದ ದಿನಗಳಲ್ಲಿ ಹುಡುಗಿಯರು ಮೈದಾನದಾಚೆಯ ಹಳೆಯ ಶೌಚಾಲಯಕ್ಕೆ ಓಡಬೇಕು, ಇಲ್ಲವೇ ಬೆಳಗಿನಿಂದ ಒಂದು ಗುಟುಕು ನೀರೂ ಕುಡಿಯದೆ ಹಲ್ಲು ಕಚ್ಚಿ ಕೂರಬೇಕು. ಅವಳು ಕೂರುವವರ ಪೈಕಿ.

ಆ ಮಹಡಿ ಗುಡಿಸುವಾಕೆಯನ್ನು ಎಲ್ಲರೂ ಚಿಕ್ಕಮ್ಮ ಎನ್ನುತ್ತಿದ್ದರು. ಆಕೆಗೆ ಓದು ಬಾರದು, ಮಾತಿಗೇನೂ ಬರವಿಲ್ಲ. "ಬೀಗದ ಕೈ ಆಫೀಸಲ್ಲಿರುತ್ತೆ, ನನಗೆ ಕೊಡಲ್ಲ. ದೊಡ್ಡೋರು ಬಂದಾಗ ತೆಗೀತಾರೆ, ಹೋದ್ಮೇಲೆ ಹಾಕ್ತಾರೆ. ಹುಡುಗೀರು ನನ್ನನ್ನ ಕೇಳಿದ್ರೆ ನಾನೇನು ಮಾಡ್ಲಿ?" ಕತ್ತರಿ ಇದನ್ನು ಓದಿ ಹೇಳಿದಾಗ ಚಿಕ್ಕಮ್ಮ ಪೊರಕೆಯನ್ನು ಗೋಡೆಗೊರಗಿಸಿ, ಕೈ ಒರೆಸಿಕೊಂಡು, ಕೊನೆಯವರೆಗೆ ಕೇಳಿದಳು.

"ಹೌದು, ಹಾಗೇ ಅಂದೆ. ಹೆಸರು ಹಾಕ್ಬೇಡ, ಚಿಕ್ಕಮ್ಮ ಅಂತ ಹಾಕು. ಎಲ್ಲರಿಗೂ ಗೊತ್ತಾಗುತ್ತೆ, ಯಾರಿಗೂ ಗೊತ್ತಾಗಲ್ಲ."

ಶನಿವಾರ ಲೇಖನ ಪ್ರಕಟವಾಯಿತು. ಭಾನುವಾರ ಅವಳು ಕಂಪ್ಯೂಟರಿನ ಕಡೆ ಸುಳಿಯದೆ ಅಮ್ಮನ ಹೊಲಿಗೆ ಯಂತ್ರದ ಪಕ್ಕ ಕೂತು ಗುಂಡಿ ಹಚ್ಚಿದಳು. ಶಾಲೆಯ ಮಗುವೊಂದರ ಲಂಗದ ಅಂಚು ಬಿಚ್ಚಿ ಉದ್ದ ಮಾಡುತ್ತಿದ್ದ ಅಮ್ಮ ಗೊಣಗಿದರು, "ಹಳೇ ಹೊಲಿಗೆ ಗುರುತು ನೋಡು, ಎಷ್ಟು ಇಸ್ತ್ರಿ ತಿಕ್ಕಿದ್ರೂ ಹೋಗಲ್ಲ. ಉದ್ದ ಆಗೋದು ಅವರ ಮಗು, ಬೈಗುಳ ತಿನ್ನೋದು ನಾನು."

ಸೋಮವಾರ ಬೆಳಿಗ್ಗೆ ಚಿಕ್ಕಮ್ಮ ಮೆಟ್ಟಿಲ ಕೆಳಗಿನ ಬಾಗಿಲಲ್ಲಿ ನಿಂತಿದ್ದಳು.

"ನನಗೆ ಓದಿ ಹೇಳಿದ್ದು ಒಂದು, ಹಾಕಿದ್ದು ಇನ್ನೊಂದಾ?"

"ಏನಾಯ್ತು ಚಿಕ್ಕಮ್ಮ?"

"ಬೀಗದ ಕೈ ಇಟ್ಕೊಂಡು ನಮ್ಮನ್ನ ಮೈದಾನಕ್ಕೆ ಓಡಿಸ್ತೀಯಾ ಅಂತ ಹುಡುಗೀರು ಉಗಿದು ಉಪ್ಪು ಹಾಕಿದ್ರು. ನೀನೇ ಒಪ್ಕೊಂಡಿದ್ದೀಯಲ್ಲ, ನಾಳೆಯಿಂದ ಬರ್ಬೇಡ ಅಂತಾನೆ ಮೇಲ್ವಿಚಾರಕ. ಓದೋಕೆ ಬರಲ್ಲ ಇವಳಿಗೆ ಅಂತ ತಾನೇ ಹೀಗೆ ಮಾಡಿದ್ದು ನೀನು?"

ಕತ್ತರಿ ಪುಟ ತೆರೆದಳು. ಚಿಕ್ಕಮ್ಮನ ಮಾತು ಇರಬೇಕಾದ ಕಡೆ ಹೀಗಿತ್ತು: "ಬೀಗದ ಕೈ ನನ್ನ ಬಳಿಯೇ ಇರುತ್ತದೆ. ವಿದ್ಯಾರ್ಥಿನಿಯರು ಸ್ವಚ್ಛತೆ ಕಾಪಾಡದ ಕಾರಣ ಕೆಲವೊಮ್ಮೆ ಮುಚ್ಚಬೇಕಾಗುತ್ತದೆ." ಅದು ಗೋಡೆಯ ಫಲಕದ ಭಾಷೆ. ಇಡೀ ಕಾಲೇಜಿನಲ್ಲಿ ಯಾವ ಬಾಯಿಯೂ ಹಾಗೆ ಮಾತಾಡುವುದಿಲ್ಲ. ಕೆಳಗೆ ಸಂಪಾದಕಿ ಎಂದು ಅವಳ ಹೆಸರು ಇದ್ದಲ್ಲೇ ಇತ್ತು.

ಪಾಸ್‌ವರ್ಡ್ ಇದ್ದದ್ದು ಇಬ್ಬರ ಬಳಿ, ಅವಳ ಹತ್ತಿರ ಮತ್ತು ವಿಭಾಗದ ಮುಖ್ಯಸ್ಥರ ಹತ್ತಿರ. ಅಮ್ಮ ಬಿಚ್ಚಿದ ಬಟ್ಟೆಯಲ್ಲಾದರೂ ಸೂಜಿಯ ತೂತು ಉಳಿಯುತ್ತದೆ. ಈ ಪುಟ ಹುಟ್ಟಿದಾಗಿನಿಂದ ಹೀಗೇ ಇತ್ತೆಂಬಂತೆ ನುಣ್ಣಗೆ ಕೂತಿತ್ತು.

"ಇದು ನಾನು ಹಾಕಿದ್ದಲ್ಲ ಚಿಕ್ಕಮ್ಮ."

"ನನಗೇನು ಗೊತ್ತು? ಓದಿ ಹೇಳೋಳೂ ನೀನೇ."

ಕತ್ತರಿ ಎದ್ದ ರಭಸಕ್ಕೆ ತಲೆ ಸೂರಿಗೆ ಬಡಿಯಿತು. ನೆತ್ತಿ ಉಜ್ಜಿಕೊಳ್ಳುತ್ತಲೇ ಮುಖ್ಯಸ್ಥರ ಕೋಣೆಗೆ ನಡೆದಳು.

"ನಿನ್ನ ಲೇಖನ ಉಳಿಸಿದ್ದೇ ನಾನು ಕಣಮ್ಮ," ಎಂದರು ಅವರು. "ಪ್ರಾಂಶುಪಾಲರು ತೆಗೆದುಹಾಕಿ ಅಂದ್ರು. ನಾನು ಎರಡು ವಾಕ್ಯ ಸರಿ ಮಾಡಿದೆ, ಅಷ್ಟೇ."

"ಅದು ಚಿಕ್ಕಮ್ಮನ ಬಾಯಿಂದ ಬಂದ ಮಾತು ಸರ್."

"ಅವಳೇನು ಓದ್ತಾಳಾ ಅದನ್ನ?"

"ಇನ್ನೊಬ್ಬರ ಮಾತು ತಿದ್ದೋದು ಅವರ ಜೇಬಿಗೆ ಕೈ ಹಾಕಿದ ಹಾಗೆ ಅಂತ ನೀವೇ ಹೇಳಿಕೊಟ್ರಿ ಸರ್, ಮೊದಲ ವರ್ಷ."

"ಅದು ಪಾಠ. ಇದು ಕಾಲೇಜು."

"ಅವರ ಕೆಲಸ ಹೋಗುತ್ತೆ."

"ನೋಡೋಣ, ಮಾತಾಡ್ತೀನಿ. ನೀನು ದುಡುಕಬೇಡ. ನಿನ್ನ ಇಂಟರ್ನಲ್ ಅಂಕ ಇನ್ನೂ ನನ್ನ ಹತ್ರಾನೇ ಇದೆ." ಮುಖ್ಯಸ್ಥರು ನಕ್ಕು ಲೋಟ ಮುಂದೆ ತಳ್ಳಿದರು. "ನೀರು ಕುಡಿ ಮೊದಲು."

"ಕಾಲೇಜಲ್ಲಿ ಕುಡಿಯಲ್ಲ ಸರ್. ಬೀಗ ಹಾಕಿದೆ."

ವಾಪಸು ಬಂದು ಕೂತಳು. ಸುಳ್ಳು ಸಾಲನ್ನು ಅಳಿಸಲಿಲ್ಲ. ಎಲ್ಲರಿಗೂ ಕಾಣುವ ಹಾಗೆ ಅದರ ಮೇಲೆ ಅಡ್ಡಗೆರೆ ಎಳೆದಳು. ಕೆಳಗೆ ಚಿಕ್ಕಮ್ಮ ಆಡಿದ ಮಾತನ್ನು ಆಡಿದಂತೆಯೇ ಹಾಕಿ, ಇನ್ನೊಂದು ಸಾಲು ಬರೆದಳು: ಪ್ರಕಟವಾದ ಮೇಲೆ ಈ ಮಾತನ್ನು ಬದಲಿಸಿದವರು ವಿಭಾಗದ ಮುಖ್ಯಸ್ಥರು. ಸೂಜಿಯ ತೂತು ಕಾಣಲಿ ಎಂದುಕೊಂಡಳು. ಬರೆದದ್ದನ್ನು ಮುದ್ರಿಸಿ ಕೈಯಲ್ಲೊಂದು ಪ್ರತಿ ಇಟ್ಟುಕೊಂಡೇ ಪ್ರಕಟಿಸಿದಳು.

ಮಧ್ಯಾಹ್ನದ ಗಂಟೆ ಹೊಡೆಯುವ ಮೊದಲೇ ಪುಟ ಮಾಯವಾಗಿತ್ತು. ಅವಳ ಪಾಸ್‌ವರ್ಡ್ ಕೂಡ ನಡೆಯಲಿಲ್ಲ.

"ಕತ್ತರಿಗೇ ಕತ್ತರಿ ಹಾಕಿದ್ರಲ್ಲೇ," ಎಂದ ಪ್ರವಾಸ ಕಥನದವನು. ಅವಳ ಮುಖ ನೋಡಿ ನಗು ನುಂಗಿಕೊಂಡ. "ಈಗೇನು ಮಾಡ್ತೀಯ?"

"ನಿಯಮ ಇದೆಯಲ್ಲ. ಎದುರು ನಿಂತು ಓದೋದು."

ಎರಡನೇ ಮಹಡಿಯ ಬೀಗದ ಮುಂದೆ ಊಟದ ಬಿಡುವಿನ ಹುಡುಗಿಯರು ಗುಂಪಾಗಿದ್ದರು. ಒಂದು ಬದಿಗೆ ಚಿಕ್ಕಮ್ಮ, ಅವಳ ಪಕ್ಕ ಬಕೀಟು, ಬಕೀಟಿನಾಚೆ ಮೇಲ್ವಿಚಾರಕ. ಕತ್ತರಿ ಕಾಗದ ಬಿಚ್ಚಿದಳು. ಮೊದಲು ಅಡ್ಡಗೆರೆಯ ಸಾಲು ಓದಿದಳು. ಚಿಕ್ಕಮ್ಮ ತಲೆ ಅಲ್ಲಾಡಿಸಿ, "ನಾನು ಹಾಗಂದಿಲ್ಲ" ಎಂದಳು. ಕತ್ತರಿ ಕೆಳಗಿನದನ್ನು ಓದಿದಳು: "ಬೀಗದ ಕೈ ಆಫೀಸಲ್ಲಿರುತ್ತೆ, ನನಗೆ ಕೊಡಲ್ಲ..."

ಚಿಕ್ಕಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು. "ಹೌದು," ಎಂದಳು. "ಹಾಗೇ ಅಂದೆ."

"ಏನಿದು ನಾಟಕ? ನಡೀರಿ ಎಲ್ಲಾ," ಎಂದು ಮೇಲ್ವಿಚಾರಕ ಕೈ ಬೀಸಿದ.

ಬೆಳಿಗ್ಗೆ ಎಲ್ಲರಿಗಿಂತ ಜೋರಾಗಿ ಬೈದಿದ್ದ ಹುಡುಗಿ ಮುಂದೆ ಬಂದಳು. "ನಡೀತೀವಿ. ಬಾಗಿಲು ತೆಗೀರಿ, ಒಳಗೇ ನಡೀತೀವಿ."

"ಬೀಗದ ಕೈ ನನ್ನ ಹತ್ರ ಎಲ್ಲಿದೆ?"

"ಮತ್ತೆ ಯಾರ ಹತ್ರ ಇದೆ?"

"ಆಫೀಸಲ್ಲಿರುತ್ತಮ್ಮ!" ಎಂದು ರೇಗಿದವನು ಬಾಯಿ ಮುಚ್ಚುವಷ್ಟರಲ್ಲಿ ಮಾತು ಹೊರಬಿದ್ದಾಗಿತ್ತು.

"ಮತ್ತೆ ನಾನು ಅಂದದ್ದೇನು?" ಎಂದಳು ಚಿಕ್ಕಮ್ಮ. "ನಾಳೆ ಯಾರು ಬರಬಾರದು, ನಾನಾ, ನೀನಾ?"

ಹುಡುಗಿಯರು ಘೊಳ್ಳೆಂದರು. ಕತ್ತರಿಗೆ ನಗು ಬರಲಿಲ್ಲ. ಬೀಗ ಇನ್ನೂ ಅಲ್ಲೇ ತೂಗುತ್ತಿತ್ತು. ಅವಳು ಕಾಗದ ಮಡಿಸಹೊರಟಳು.

"ಮಡಿಸಬೇಡ," ಚಿಕ್ಕಮ್ಮ ಅವಳ ಕೈ ಹಿಡಿದು ಮೆಟ್ಟಿಲ ಕಡೆ ತಿರುಗಿಸಿದಳು. "ಬಾ, ಆಫೀಸು ಕೆಳಗಿದೆ. ಅಲ್ಲಿ ಓದು. ನಾನು ಹೌದು ಅಂತೀನಿ."