ಮಜ್ಜಿಗೆ ಆದ ಮೇಲಿನ ಆಟ

ಹೋದ ವಾರ ಸಾಗರದಲ್ಲಿ ಸಂಜೆಗೇ ಕರೆಂಟು ಹೋಯಿತು. ಇನ್ವರ್ಟರೂ ಕೈಕೊಟ್ಟಿತು. ಹಲಸಿನ ಹಪ್ಪಳಕ್ಕೆ ಎಣ್ಣೆ ಇಟ್ಟಿದ್ದವಳು, ಹಳೆ ಡಬ್ಬಿಯ ತಳದಲ್ಲಿದ್ದ ಸೀಮೆಎಣ್ಣೆ ಸುರಿದು ಬುಡ್ಡಿ ಹಚ್ಚಿದೆ. ಸೀಮೆಎಣ್ಣೆಯ ಹೊಗೆ, ಕರಿದ ಹಪ್ಪಳದ ಘಮ ಎರಡೂ ಒಟ್ಟಿಗೆ ಮೂಗಿಗೆ ಬಡಿದವು. ಪಕ್ಕದ ಮನೆಯ ಅಕ್ಕ ನೆನಪಾದಳು... ಹಪ್ಪಳ ಸೀದುಹೋಯಿತು.

ಅಕ್ಕ ಹರೆಯದಲ್ಲಿ ಸರ್ಕಸ್ಸಿನಲ್ಲಿ ಹಗ್ಗದ ಮೇಲೆ ನಡೆಯುತ್ತಿದ್ದವಳು. ಮದುವೆಯಾಗಿ ನಮ್ಮ ಬೀದಿಗೆ ಬಂದ ಮೇಲೆ ರವಿಕೆ ಹೊಲಿಯುತ್ತಿದ್ದಳು. ಬಟ್ಟೆ ಒಣಹಾಕುವ ಹಗ್ಗವನ್ನು ಕಂಡರೂ ಒಮ್ಮೆ ಜಗ್ಗಿ ನೋಡದೆ ಬಿಡುತ್ತಿರಲಿಲ್ಲ. ಐವತ್ತು ಹತ್ತಿರವಾದಾಗ ಇದ್ದಕ್ಕಿದ್ದಂತೆ ಕಂಪನಿ ಕಟ್ಟಿದಳು. ಊಟದ ಜೊತೆ ಆಟ! ನಾಟಕ ಕಂಪನಿ ಮುಚ್ಚಿದ ಮೇಲೆ ಬಡಿಸುವ ಕೆಲಸಕ್ಕಿಳಿದಿದ್ದ ಒಬ್ಬ ಹಾಸ್ಯನಟ, ರೆಕಾರ್ಡ್ ಡಾನ್ಸಿನ ಇಬ್ಬರು ಹೆಂಗಸರು, ಸೌಟು ಲೋಟಗಳನ್ನು ಗಾಳಿಗೆಸೆದು ಹಿಡಿಯುವ ತೀರ್ಥಹಳ್ಳಿಯ ಆಟೋದವನು. ಕೊನೆಗೆ ಅಕ್ಕನ ಹಗ್ಗದ ನಡಿಗೆ. "ಹೊಟ್ಟೆ ತುಂಬಿದೋರು ಕೊಂಕು ತೆಗಿಯಲ್ಲ ಕಣೆ" ಎನ್ನುತ್ತಿದ್ದಳು.

ಹೊಸನಗರದ ಕಡೆಯ ಕಲ್ಯಾಣ ಮಂಟಪವೊಂದು ಆಷಾಢದಲ್ಲಿ ಖಾಲಿ ಬಿದ್ದಿತ್ತು. ಮೊದಲ ಆಟ ಜನಕ್ಕೆ ಹಿಡಿಸಿದರೆ ಮದುವೆಯಿಲ್ಲದ ಶನಿವಾರಗಳನ್ನೆಲ್ಲ ಕಂಪನಿಗೇ ಬಿಡುತ್ತೇನೆ ಎಂದಿದ್ದರು ಅದರ ಯಜಮಾನರು. ಬದುಕಿನಲ್ಲಿ ಬೇರೆ ಯಾವುದಕ್ಕೂ ಅಕ್ಕ ಅಷ್ಟು ಆಸೆಪಟ್ಟಿದ್ದನ್ನು ನಾನು ನೋಡಿಲ್ಲ.

ಆಟದ ದಿನ ಎದುರುಬದುರು ಎರಡು ಪಂಕ್ತಿ, ನಡುವೆ ಎತ್ತರದಲ್ಲಿ ಹಗ್ಗ. ಮೊದಲ ಎಲೆಗೆ ನನ್ನನ್ನೇ ಕೂರಿಸಿದಳು.

"ಹಿರಿಯರೆಲ್ಲ ಇದಾರಲ್ಲ ಅಕ್ಕಾ..."

"ಸುಮ್ನೆ ಕೂತ್ಕ. ಮೇಲೆ ನಿಂತಾಗ ನಂಗೆ ನಿನ್ನ ಮುಖ ಕಾಣ್ಬೇಕು."

ಹಾಸ್ಯನಟ ಸಾರು, ಹಪ್ಪಳ ಬಡಿಸುತ್ತಲೇ ಜನರನ್ನು ನಗಿಸಿದ. ಮಜ್ಜಿಗೆಯೂ ಬಂದು ಹೋಯಿತು. ಆಗ ಅಕ್ಕ ಎರಡೂ ಕೈಯಲ್ಲಿ ಉರಿಯುವ ಸೀಮೆಎಣ್ಣೆ ಪಂಜು ಹಿಡಿದು ಹಗ್ಗಕ್ಕೆ ಕಾಲಿಟ್ಟಳು. ನಡುವಿಗೆ ಬಂದು ಒಂದೇ ಕಾಲಲ್ಲಿ ನಿಂತಳು. ನನಗೆ ತಡೆಯಲಾಗಲಿಲ್ಲ. ಟೀವಿಯಲ್ಲಿ ದೊಡ್ಡ ದೊಡ್ಡವರು ಮಾಡುವುದನ್ನು ನೋಡಿದ್ದೆನಲ್ಲ, ಎಂಜಲು ಕೈ ಎಂಬುದನ್ನೂ ಮರೆತು ಎದ್ದು ನಿಂತು ಚಪ್ಪಾಳೆ ಹೊಡೆದೆ.

ನಮ್ಮ ಕಡೆ ಮಜ್ಜಿಗೆ ಆದ ಮೇಲೆ ಮೊದಲ ಎಲೆಯವರು ಎದ್ದರೆ ಪಂಕ್ತಿಯೇ ಎದ್ದ ಹಾಗೆ. ಪಕ್ಕದವರು ಎದ್ದರು, ಅವರ ಪಕ್ಕದವರು ಎದ್ದರು, ಎದುರಿನವರೂ ಎದ್ದರು. ಎಲ್ಲರೂ ಕೈ ತೊಳೆಯಲು ಹೊರಟರು. "ಕೂತ್ಕಳಿ, ಇನ್ನೂ ಇದೆ!" ಎಂದು ಕೂಗಿದೆ. ಎದ್ದ ಎಲೆಗೆ ಮತ್ತೆ ಕೂರುವವರು ಯಾರು? ಅಕ್ಕ ಮಾತ್ರ ಹಗ್ಗದ ಆ ತುದಿಯವರೆಗೂ ನಡೆದಳು. ಕೆಳಗೆ ಬರೀ ಎಂಜಲೆಲೆಗಳಿದ್ದವು.

ಯಜಮಾನರ ಹತ್ತಿರ ಓಡಿಹೋಗಿ, ತಪ್ಪು ನನ್ನದು ಎಂದು ಬೇಡಿಕೊಂಡೆ. "ಒಬ್ರು ಎದ್ರೆ ಎಲ್ಲಾ ಎದ್ದು ಹೋಗೋ ಆಟ ಎಂತ ಆಟ ಮಾರಾಯ್ರೆ?" ಎಂದು ಅವರು ಕಾರು ಹತ್ತಿದರು. ಕಂಪನಿ ಅಲ್ಲಿಗೇ ಮುಗಿಯಿತು.

ಅಕ್ಕ ನನ್ನನ್ನು ಬೈಯಲೇ ಇಲ್ಲ. ಆಮೇಲೆ ಯಾರ ಮನೆಯ ಊಟಕ್ಕೆ ಹೋದರೂ, "ಇವ್ಳನ್ನ ಮೊದಲ ಎಲೆಗೆ ಕೂರಿಸ್ಬೇಡಿ, ಎಲ್ರನ್ನೂ ಎಬ್ಬಿಸ್ಕೊಂಡು ಹೋಗ್ತಾಳೆ" ಎಂದು ನಗಿಸುತ್ತಿದ್ದಳು. ನಾನೂ ನಗುತ್ತಿದ್ದೆ. ನಗುತ್ತಲೇ ಹೋಗಿ ಕೊನೆಯ ಎಲೆಗೆ ಕೂರುತ್ತಿದ್ದೆ. ಅವಳು ಮತ್ತೆ ಹಗ್ಗ ಹತ್ತಲಿಲ್ಲ. ಮೊಣಕಾಲು ನೋವು ಅಂದಳು... ಇದ್ದರೂ ಇರಬಹುದು.

ಅಕ್ಕ ತೀರಿಕೊಂಡು ವರ್ಷವಾಯಿತು. ಆ ಮನೆಗೆ ಬೇರೆಯವರು ಬಂದಿದ್ದಾರೆ, ಒಳ್ಳೆಯ ಜನವೇ. ಅಕ್ಕ ಒಂದೇ ಒಂದು ಸಲ "ನಿನ್ನಿಂದ ಹಾಳಾಯ್ತು ಕಣೆ ನನ್ನ ಆಟ" ಎಂದು ಬೈದಿದ್ದರೆ, ಕಾಲಿಗೆ ಬಿದ್ದು ಅತ್ತು ಹಗುರಾಗುತ್ತಿದ್ದೆ. ಇನ್ನು ಯಾರ ಹತ್ತಿರ ಹೋಗಿ ಬೈಸಿಕೊಳ್ಳಲಿ?